ಕೋಲಾರದ ಕೆರೆಗಳಿಗೆ ಎಲ್ಲಿಯ ನೀರು?

ಕೆ.ಸಿ. ವ್ಯಾಲಿ, ಎತ್ತಿನಹೊಳೆ, ಯರಗೋಳ್. ಕೋಲಾರದಲ್ಲಿ ನೀರಿನ ಮಾತು ಬಂದರೆ ಈ ಮೂರು ಹೆಸರು ಒಟ್ಟಿಗೇ ಬರುತ್ತವೆ. ಯಾವುದು ಕುಡಿಯುವ ನೀರು, ಯಾವುದು ಕೆರೆ ತುಂಬಿಸುವ ನೀರು ಅನ್ನೋದು ಜಿಲ್ಲೆಯವರಿಗೇ ಎಷ್ಟೋ ಸಲ ಗೊಂದಲ.

ಇಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಪಾಲಾರ್ ಆಗಲಿ, ದಕ್ಷಿಣ ಪಿನಾಕಿನಿ ಆಗಲಿ, ಮಳೆ ಬಿದ್ದಾಗಷ್ಟೇ ನದಿ. ಹಾಗಾಗಿ ಹಿಂದಿನವರು ಹೊಳೆಯನ್ನು ನಂಬದೆ ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲಿನ ಅವಿಭಜಿತ ಜಿಲ್ಲೆಯಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಹೋದರೆ ನೀರು ಕೆಳಗಿನ ಕೆರೆಗೆ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡೋದು ನೀರಗಂಟಿಯ ಕೆಲಸ.

1892ರಲ್ಲಿ ಮೈಸೂರು ಮತ್ತು ಮದ್ರಾಸ್ ಒಂದು ಒಪ್ಪಂದ ಮಾಡಿಕೊಂಡವು. ಈ ನದಿಗಳ ಮೇಲ್ಭಾಗದಲ್ಲಿ ಹೊಸದಾಗಿ ನೀರು ಕಟ್ಟಿಹಾಕಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕಾಯಿತು. ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಕಟ್ಟಿದ ಯರಗೋಳ್ ಅಣೆಕಟ್ಟು ಬರೀ ಅರ್ಧ ಟಿಎಂಸಿಯದು. ಆದರೂ ತಮಿಳುನಾಡು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2019ರಲ್ಲಿ ಆ ಅರ್ಜಿ ವಜಾ ಆಯಿತು, 2023ರಲ್ಲಿ ಉದ್ಘಾಟನೆ ನಡೆಯಿತು. ಕೋಲಾರ, ಬಂಗಾರಪೇಟೆ, ಮಾಲೂರಿಗೆ ಇದು ಕುಡಿಯುವ ನೀರು.

ನಡುವೆ ಬೋರ್‌ವೆಲ್ ಬಂತು, ನೀರಗಂಟಿ ಮರೆಯಾದ, ರಾಜಕಾಲುವೆ ಹೊಲವಾಯಿತು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಗುಡ್ಡದಲ್ಲಿ ನೀಲಗಿರಿ. ನೀರು 1,500 ಅಡಿಗೆ ಇಳಿಯಿತು. ಸಿಕ್ಕ ನೀರಲ್ಲೂ ಫ್ಲೋರೈಡ್.

ಆಮೇಲೆ ಎಲ್ಲರ ಕಣ್ಣು ಪಶ್ಚಿಮ ಘಟ್ಟದ ಕಡೆ ತಿರುಗಿತು. ಅಲ್ಲಿನ ಹೊಳೆಗಳ ನೀರನ್ನು ಇತ್ತ ತರುವ 24.01 ಟಿಎಂಸಿಯ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ. ಸಕಲೇಶಪುರದ ಕಡೆ ಮೊದಲ ಹಂತದಲ್ಲಿ ನೀರೆತ್ತಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಕೋಲಾರ ಎಷ್ಟು ದೂರ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಅದಕ್ಕೂ ಮೊದಲೇ ಬಂದದ್ದು ಬೆಂಗಳೂರಿನ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ, ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್ ಪಂಪ್ ಮಾಡಬೇಕು, ಅದರಿಂದ 126 ಕೆರೆ ತುಂಬಿಸಬೇಕು ಅನ್ನೋದು ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಿದ್ದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಕಾಣಿಸಿತು. ಹೈಕೋರ್ಟ್ ನೀರು ನಿಲ್ಲಿಸಿತು, ಮತ್ತೆ ಬಿಡಲು ಹೇಳಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಕೆಲವೇ ತಿಂಗಳಲ್ಲಿ ಅದನ್ನೂ ತೆಗೆಯಿತು.

ಈ ನೀರನ್ನು ಕೆರೆಯಿಂದ ನೇರವಾಗಿ ಹೊಲಕ್ಕೆ ಎತ್ತುವಂತಿಲ್ಲ. ಅದು ನೆಲಕ್ಕೆ ಇಂಗಬೇಕು, ಬೋರ್‌ವೆಲ್ಲಿನಲ್ಲಿ ಸಿಗಬೇಕು. ಆದರೂ ಏರಿ ಪಕ್ಕ ಮೋಟಾರ್ ಇಡುವವರು ಇದ್ದೇ ಇದ್ದಾರೆ. ಕಣ್ಣೆದುರು ನೀರು ನಿಂತಿರುವಾಗ ಟೊಮೆಟೊ ಒಣಗಲಿ ಅಂತ ಯಾರು ಸುಮ್ನೆ ಕೂರುತ್ತಾರೆ? ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ. ಅದೇ ನೀರು ಕುಡಿಯುವ ಬಾವಿಗೂ ಸೇರುತ್ತದೆ ಅನ್ನುವ ಭಯವೂ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಕೇಳುತ್ತಲೇ ಇದೆ. ಬರುವ ನೀರನ್ನು ನಿಲ್ಲಿಸಬೇಡಿ ಅನ್ನುವ ರೈತರೂ ಇದ್ದಾರೆ. ಎಷ್ಟೋ ಊರಲ್ಲಿ ಇವರಿಬ್ಬರೂ ಒಂದೇ ಮನೆಯವರು.

2021ರ ನವೆಂಬರ್ ಮಳೆ ಲೆಕ್ಕವನ್ನು ಇನ್ನಷ್ಟು ಕಲಸಿತು. ದಶಕಗಳಿಂದ ತುಂಬದ ಕೆರೆಗಳು ಕೋಡಿ ಹೋದವು. ಅಂತರ್ಜಲ ಏರಿದ್ದಕ್ಕೆ ಮಳೆ ಎಷ್ಟು ಕಾರಣ, ಪೈಪ್ ಎಷ್ಟು ಕಾರಣ ಅಂತ ಬೇರ್ಪಡಿಸುವುದು ಈಗ ಸುಲಭವಲ್ಲ. ಒಂದಂತೂ ಕಂಡಿತು. ಕಾಲುವೆ ಉಳಿದಿದ್ದ ಕಡೆ ನೀರು ಕೆರೆಗೆ ಹೋಯಿತು, ಮುಚ್ಚಿದ್ದ ಕಡೆ ಬಡಾವಣೆಗೆ ನುಗ್ಗಿತು. ಲಕ್ಷ್ಮೀಸಾಗರದಿಂದ ಮುಂದೆ ಕೆ.ಸಿ. ವ್ಯಾಲಿ ನೀರು ಒಂದು ಕೆರೆಯಿಂದ ಇನ್ನೊಂದಕ್ಕೆ ಇಳಿಯುವುದೂ ಹೆಚ್ಚಾಗಿ ಇದೇ ಹಳೇ ದಾರಿಯಲ್ಲಿ. ಇನ್ನಷ್ಟು ಕೆರೆಗಳಿಗೆ ನೀರು ಹರಿಸುವ ಯೋಜನೆಯ ಎರಡನೇ ಹಂತಕ್ಕೂ ಈ ದಾರಿ ಬೇಕು. ಅದರ ಒತ್ತುವರಿ ಸರ್ವೆ ಮಾತ್ರ ಪೈಪಿನ ಟೆಂಡರ್‌ನಷ್ಟು ಬೇಗ ಮುಗಿಯುವುದಿಲ್ಲ.