ಗಂಡಿಲ್ಲದ ತೊಟ್ಟಿಯಲ್ಲೂ ಮರಿ ಹಾಕುವ ಗಪ್ಪಿ

"ಗಂಡು ಸತ್ತು ಎರಡು ತಿಂಗಳಾಯ್ತು. ಹೆಣ್ಣು ನಿನ್ನೆ ಮತ್ತೆ ಮರಿ ಹಾಕಿದೆ. ಇದು ಹೇಗೆ?" ಗಪ್ಪಿ ಅನ್ನುವ ಪುಟ್ಟ ಬಣ್ಣದ ಮೀನು ಸಾಕುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಪವಾಡವೇನೂ ಇಲ್ಲ. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಸಾಕು, ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಉಳಿಸಿಕೊಳ್ಳುತ್ತದೆ. ಅದನ್ನೇ ಬಳಸಿ ಒಂದಾದ ಮೇಲೊಂದು ಸೂಲು ಮರಿ ಹಾಕುತ್ತದೆ. ಟ್ರಿನಿಡಾಡ್, ವೆನೆಜುವೆಲಾ ಕಡೆಯ ಹೊಳೆಗಳು ಇದರ ತವರು. ಅಲ್ಲಿ ಮಳೆಗೆ ಕೊಚ್ಚಿಹೋಗಿ ಒಂದೇ ಒಂದು ಹೆಣ್ಣು ಬೇರೆ ಮಡುವಿಗೆ ಬಿದ್ದರೂ ವಂಶ ನಿಲ್ಲುವುದಿಲ್ಲ. ಅದಕ್ಕೇ ಹೆಚ್ಚಾದ ಮರಿಗಳನ್ನು ಕೆರೆಗೋ ಹಳ್ಳಕ್ಕೋ ಸುರಿಯಬೇಡಿ ಅನ್ನುವುದು. ಅಲ್ಲಿರುವ ಮೀನುಗಳ ಪಾಡು ಕೆಡುತ್ತದೆ.

ಈಗ ನಿಮ್ಮ ತೊಟ್ಟಿಗೆ ಬರೋಣ. ಕೊಂಡು ತಂದ ದೊಡ್ಡ ಹೆಣ್ಣು ಬರುವಾಗಲೇ ಗಬ್ಬವಾಗಿರುತ್ತದೆ ಅಂತಲೇ ಇಟ್ಟುಕೊಳ್ಳಿ. ಅದರ ಜೊತೆ ಎಷ್ಟೇ ಚಂದದ ಗಂಡು ಬಿಟ್ಟರೂ ಮೊದಲ ಸೂಲಿನ ಮರಿಗಳು ಅದರವಲ್ಲ. ಆಮೇಲಿನ ಸೂಲುಗಳಲ್ಲಿ ಹೊಸ ಗಂಡಿನ ಪಾಲು ಜಾಸ್ತಿಯಾಗುತ್ತದೆ. ಆದರೆ ಹಳೆಯದು ಪೂರ್ತಿ ಹೋಗಿದೆ ಅಂತ ನಂಬುವ ಹಾಗಿಲ್ಲ. ಗಪ್ಪಿ ಮರಿ ಮಾಡಿಸುವುದು ಕಷ್ಟವೇ ಅಲ್ಲ, ಅದು ತಾನಾಗಿಯೇ ಆಗುತ್ತದೆ. ಬೇಡದ ಗಂಡಿನಿಂದ ಹೆಣ್ಣನ್ನು ದೂರ ಇಡುವುದೇ ಕೆಲಸ.

ಮರಿಗಳಿಗೆ ಮೂರು ವಾರ ತುಂಬುತ್ತಿದ್ದ ಹಾಗೇ ಗಂಡು, ಹೆಣ್ಣು ಬೇರ್ಪಡಿಸಲು ಶುರು ಮಾಡಿ. ಒಂದು ಮರಿಯನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿಯಿರಿ. ಹೊಟ್ಟೆಯ ಹಿಂದೆ, ಕೆಳಗಡೆ ಒಂದು ಪುಟ್ಟ ರೆಕ್ಕೆ ಕಾಣುತ್ತದೆ. ಅದು ಬೀಸಣಿಗೆಯ ಹಾಗೆ ಅಗಲವಾಗಿದ್ದು, ಅದರ ಮೇಲ್ಗಡೆ ಹೊಟ್ಟೆಯ ಕೊನೆಯಲ್ಲಿ ಮಸುಕು ಕಪ್ಪು ಕಲೆ ಇದ್ದರೆ ಹೆಣ್ಣು. ಕಡ್ಡಿಯ ಹಾಗೆ ಚೂಪಾಗಿ ಹಿಂದಕ್ಕೆ ಮಡಚುತ್ತಿದ್ದರೆ ಗಂಡು. ಬಣ್ಣ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ಕೆಟ್ಟಿರಿ. ನಾನೂ ಕೆಟ್ಟಿದ್ದೇನೆ. ಇಪ್ಪತ್ತಕ್ಕೂ ಹೆಚ್ಚು ಒಳ್ಳೆಯ ಹೆಣ್ಣುಮರಿಗಳ ನಡುವೆ ಒಂದು ಪೀಚಲು ಗಂಡು ಕಣ್ಣು ತಪ್ಪಿಸಿ ಉಳಿದುಬಿಟ್ಟಿತ್ತು. ಅದರ ಬಾಲವೋ ಸೊಟ್ಟ. ಮುಂದಿನ ಸೂಲುಗಳಲ್ಲಿ ಸೊಟ್ಟ ಬಾಲದ್ದೇ ಸಾಲು!

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬಣ್ಣ ಇರುವುದು ಗಂಡಿಗೆ, ಹೆಣ್ಣು ಯಾವುದಾದರೇನು ಅಂತ ಕೇಳುತ್ತಾರೆ. ಗಪ್ಪಿಯ ಕೆಲವು ಗುರುತುಗಳು ಅಪ್ಪನಿಂದ ಮಗನಿಗೆ ಮಾತ್ರ ಹೋಗುವುದು ನಿಜ. ಡೆನ್ಮಾರ್ಕಿನ ವಿಜ್ಞಾನಿ ಯೋಹಾನೆಸ್ ಸ್ಮಿತ್ 1920ರಲ್ಲೇ ಬೆನ್ನಿನ ರೆಕ್ಕೆಯ ಕಪ್ಪು ಚುಕ್ಕೆಯಲ್ಲಿ ಇದನ್ನು ತೋರಿಸಿದ್ದರು. ಆದರೆ ಎಲ್ಲವೂ ಹಾಗಲ್ಲ. ಹಲವು ಬಣ್ಣಗಳು ತಾಯಿಯ ಕಡೆಯಿಂದಲೂ ಬರುತ್ತವೆ, ಅವಳ ಮೈಮೇಲೆ ಕಾಣದಿದ್ದರೂ. ಹಾಗಾಗಿ ಗಂಡಿನ ತಳಿಯದೇ ಹೆಣ್ಣನ್ನು ಹುಡುಕಿ. ಒಂದು ಗಂಡಿಗೆ ಎರಡೋ ಮೂರೋ ಹೆಣ್ಣು ಇರಲಿ. ಇಲ್ಲದಿದ್ದರೆ ಗಂಡುಗಳು ಇಡೀ ದಿನ ಅಟ್ಟಾಡಿಸಿ ಹೆಣ್ಣನ್ನು ಸುಸ್ತು ಮಾಡುತ್ತವೆ.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗಪ್ಪಿಗೆ ಗಡಸು ನೀರೇ ಇಷ್ಟ. ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ 7ರಿಂದ 8, ಬಿಸಿ 24ರಿಂದ 27 ಡಿಗ್ರಿ ಇದ್ದರೆ ಆರಾಮ. ಹೊಸ ತೊಟ್ಟಿಯಲ್ಲಿ ಮೀನಿನ ಕಸದಿಂದ ಹುಟ್ಟುವ ಅಮೋನಿಯಾ ಅನ್ನುವ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾಯದೆ ಮೀನು ತುಂಬಿ, ಆಮೇಲೆ ಔಷಧಿ ಕೇಳಿಕೊಂಡು ಬಂದರೆ ನಾನೇನು ಕೊಡಲಿ? ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಫಿಲ್ಟರಿನ ಸ್ಪಾಂಜನ್ನು ನಲ್ಲಿಯಡಿ ಉಜ್ಜಬೇಡಿ. ತೆಗೆದ ಹಳೆಯ ನೀರಲ್ಲೇ ಹಿಂಡಿ ಮತ್ತೆ ಹಾಕಿ. ನಲ್ಲಿಯ ಕ್ಲೋರಿನ್ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ, ಅಲ್ವಾ?

ಹೆಣ್ಣು ಮೂರು-ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ದಿನ ಹತ್ತಿರ ಬಂದಾಗ ಹೊಟ್ಟೆ ದುಂಡಗಿರುವುದಿಲ್ಲ, ಡಬ್ಬಿಯ ಹಾಗೆ ಚೌಕವಾಗುತ್ತದೆ. ಕಪ್ಪು ಕಲೆ ದೊಡ್ಡದಾಗುತ್ತದೆ, ಮೀನು ಮೂಲೆ ಹಿಡಿಯುತ್ತದೆ. ಮರಿ ಮುದುರಿಕೊಂಡೇ ಹೊರಬೀಳುತ್ತದೆ. ಒಂದು ಕ್ಷಣ ತಳದತ್ತ ಜಾರಿ, ಮೈ ಬಿಡಿಸಿ, ಚಕ್ ಅಂತ ಗಿಡದೊಳಗೆ ನುಗ್ಗುತ್ತದೆ. ನುಗ್ಗದಿದ್ದರೆ ಹೆತ್ತ ತಾಯಿಯೇ ನುಂಗುತ್ತಾಳೆ. ಪ್ಲಾಸ್ಟಿಕ್ ಹೆರಿಗೆ ಡಬ್ಬಿ ನನಗಂತೂ ಇಷ್ಟವಿಲ್ಲ. ಇಕ್ಕಟ್ಟಲ್ಲಿ ಹೆಣ್ಣು ಹೆದರಿ ಗೋಡೆಗೆ ಮೂತಿ ಗುದ್ದುತ್ತಿರುತ್ತದೆ. ಒಂದು ಹಿಡಿ ಜಾವಾ ಮಾಸ್ ಅನ್ನುವ ನೀರಿನ ಪಾಚಿಗಿಡ ಹಾಕಿ, ತಾಯಿಗೆ ಹೊಟ್ಟೆ ತುಂಬ ಕೊಡಿ, ಸಾಕಷ್ಟು ಮರಿ ಉಳಿಯುತ್ತವೆ. ಅವಕ್ಕೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಸಿಗಡಿಯಂಥ ಪುಟ್ಟ ಜೀವಿ) ಮರಿಗಿಂತ ಒಳ್ಳೆಯ ಆಹಾರ ನಾನು ಕಂಡಿಲ್ಲ. ದಿನಕ್ಕೆ ಮೂರು-ನಾಲ್ಕು ಸಲ, ಚಿಟಿಕೆಯಷ್ಟೇ.

ಮರಿಗಳ ಗೊಡವೆಯೇ ಬೇಡ, ಸುಮ್ನೆ ಬಣ್ಣ ನೋಡಿ ಖುಷಿಪಡಬೇಕು ಅನ್ನುವವರು ಆರೇಳು ಗಂಡು ಮಾತ್ರ ಇಟ್ಟುಕೊಳ್ಳಿ. ತೊಟ್ಟಿಗೆ ಬಿಡುವ ಮುಂಚೆ ಒಂದೊಂದನ್ನೂ ಲೋಟದಲ್ಲಿ ಹಾಕಿ ಆ ರೆಕ್ಕೆ ನೋಡಿ. ಬಣ್ಣದ ಬಾಲ ಕಂಡು ಮೋಸ ಹೋಗಬೇಡಿ. ಹಲವು ಸಾಕುತಳಿಗಳಲ್ಲಿ ಹೆಣ್ಣಿಗೂ ಬಾಲದಲ್ಲಿ ಬಣ್ಣವಿರುತ್ತದೆ.