ಲಾಸ್ಟರ್: ಸುಳ್ಳೆಂದು ಗೊತ್ತಿದ್ದೂ ಹೊರಿಸುವ ಆರೋಪ

ಡಚ್ ಭಾಷೆಯಲ್ಲಿ ‘ಲಾಸ್ಟರ್’ ಎಂದರೆ ಒಬ್ಬರ ಹೆಸರು ಕೆಡಿಸಲು ಹಬ್ಬಿಸುವ ಸುಳ್ಳು. ಕಟ್ಟೆಯ ಮೇಲೆ ಕೂತು ಸುಮ್ನೆ ಆಡಿಕೊಳ್ಳುವ ಮಾತಿಗೆ ಅವರಲ್ಲಿ ‘ರೊಡಲ್’ ಎನ್ನುತ್ತಾರೆ. ಬೆನ್ನ ಹಿಂದೆ ಆಡುವ ಕೆಟ್ಟ ಮಾತಿಗೆ ‘ಆಖ್ಟರ್‌ಕ್ಲಾಪ್’ ಎಂಬ ಪದವಿದೆ. ಲಾಸ್ಟರ್ ಇವೆರಡಕ್ಕಿಂತ ಜಾಸ್ತಿ ತೂಕದ್ದು.

ಪದ ತುಂಬಾ ಹಳೆಯದು. ‘ದೂರುವುದು, ತಪ್ಪು ಹೊರಿಸುವುದು’ ಎಂಬ ಅರ್ಥದ ಜರ್ಮಾನಿಕ್ ಧಾತುವಿನಿಂದ ಹುಟ್ಟಿದ್ದು. ಮಧ್ಯಯುಗದ ಡಚ್ಚಿನಲ್ಲಿ ಇದಕ್ಕೆ ಅವಮಾನ, ಕಳಂಕ ಎಂಬ ಅರ್ಥವೂ ಇತ್ತು. ಜರ್ಮನ್ನಿನಲ್ಲೂ ಇದೇ ಪದ ಇದೆ, ಆದರೆ ಅಲ್ಲಿ ಅದರ ಅರ್ಥ ದುಶ್ಚಟ, ದುರ್ಗುಣ. ಬೇರು ಒಂದೇ. ಜರ್ಮನ್ನರಲ್ಲಿ ಪದ ದೂರಿಗೆ ಗುರಿಯಾದ ತಪ್ಪಿಗೆ ಅಂಟಿಕೊಂಡಿತು, ಡಚ್ಚರಲ್ಲಿ ದೂರುವ ಬಾಯಿಗೆ. ಹೊರೆ ಎಂಬರ್ಥದ ಡಚ್ ಪದ ‘ಲಾಸ್ಟ್’ಗೂ ಇದಕ್ಕೂ ನಂಟಿಲ್ಲ.

ಈ ಪದದ ನಿಜವಾದ ಮೊನೆ ಕಾಣುವುದು ಕಾನೂನಿನಲ್ಲಿ. ನೆದರ್ಲೆಂಡ್ಸ್‌ನ ದಂಡಸಂಹಿತೆ 1886ರಲ್ಲಿ ಜಾರಿಗೆ ಬಂತು. ಅದರ 261ನೇ ವಿಧಿಯಲ್ಲಿ ‘ಸ್ಮಾಟ್’ ಎಂಬ ಅಪರಾಧವಿದೆ: ನಾಲ್ಕು ಜನರಿಗೆ ತಿಳಿಯಲಿ ಎಂದೇ ಒಬ್ಬರು ಇಂಥದ್ದೇ ಕೆಲಸ ಮಾಡಿದರೆಂದು ಆರೋಪ ಹೊರಿಸಿ ಅವರ ಮಾನ ಕಳೆಯುವುದು. ಆರೋಪ ನಿಜವಾಗಿದ್ದರೂ ಇದು ಸ್ಮಾಟ್ ಆಗಬಹುದು. ಒಬ್ಬ ಅಂಗಡಿಯವನ ಹಳೆಯ ಕಳ್ಳತನವನ್ನು ಬರೀ ಹಗೆಗಾಗಿ ಊರಿಗೆಲ್ಲ ಸಾರಿದರೂ ಕೇಸು ಬೀಳಬಹುದು. ನಿಜವೆಂದು ಪ್ರಾಮಾಣಿಕವಾಗಿ ನಂಬಿ, ಜನರ ಹಿತಕ್ಕಾಗಿ ಹೇಳಲೇಬೇಕಾಗಿದ್ದರೆ ರಕ್ಷಣೆ ಉಂಟು. ಅದೇ ಅಂಗಡಿಯವನು ಕದ್ದಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ಕಳ್ಳ ಎಂದು ಸಾರಿದರೆ? ಅದು ಲಾಸ್ಟರ್, 262ನೇ ವಿಧಿ. ಬಾಯಿಮಾತಿನ ಸ್ಮಾಟ್‌ಗೆ ಹೆಚ್ಚೆಂದರೆ 6 ತಿಂಗಳ ಸೆರೆ, ಲಾಸ್ಟರ್‌ಗೆ 2 ವರ್ಷದವರೆಗೆ. ಹೇಳಿದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕಾನೂನು ಇಷ್ಟು ಗಟ್ಟಿಯಾಗಿ ಕೇಳುವುದು ಸರಿಯೇ ಅನ್ನಿಸುತ್ತದೆ. ತಪ್ಪು ತಿಳಿದು ಆಡಿದ ಮಾತನ್ನೂ ತಿಳಿದೇ ಕಟ್ಟಿದ ಸುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಲ್ವಾ?

ದೇವನಿಂದೆಗೂ ಡಚ್ಚರು ಇದೇ ಪದ ಕೂಡಿಸಿ ‘ಖೋಟ್ಸ್‌ಲಾಸ್ಟರಿಂಗ್’ ಎನ್ನುತ್ತಾರೆ. 1932ರಲ್ಲಿ ಇದಕ್ಕೂ ಒಂದು ವಿಧಿ ಸೇರಿತು. ದೇವರನ್ನು ಕತ್ತೆಯ ರೂಪದಲ್ಲಿ ಕಲ್ಪಿಸಿ ಬರೆದ ಲೇಖಕ ಖೇರಾರ್ಟ್ ರೇವ ಮೇಲೆ 1966ರಲ್ಲಿ ಮೊಕದ್ದಮೆ ನಡೆಯಿತು. ಅಲ್ಲೂ ಪ್ರಶ್ನೆ ಉದ್ದೇಶದ್ದೇ, ಹೀಯಾಳಿಸಲೆಂದೇ ಬರೆದರೇ ಎಂದು. 1968ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಅವರು ಗೆದ್ದರು. ಆ ವಿಧಿ 2014ರಲ್ಲಿ ರದ್ದಾಯಿತು. ಮನುಷ್ಯರ ಮೇಲಿನ ಲಾಸ್ಟರ್ ಮಾತ್ರ ಇಂದಿಗೂ ಅಪರಾಧವೇ.