ಪಹಣಿ ಸಿಗುತ್ತದೆ, ಕಡತ ಸಿಗುವುದಿಲ್ಲ: ಹಳ್ಳಿಯ ದಾಖಲೆ ಹುಡುಕಾಟದ ಹಿನ್ನೆಲೆ

ಅಜ್ಜನ ಹೆಸರಿನಲ್ಲಿದ್ದ ಎರಡು ಎಕರೆ ಯಾವ ಆದೇಶದ ಮೇಲೆ ಬೇರೆಯವರ ಖಾತೆಗೆ ಹೋಯಿತು? ಗ್ರಾಮಠಾಣಾದ (ಊರಿನ ಮನೆಗಳಿರುವ ನೆಲದ) ಖಾಲಿ ಜಾಗ ಯಾವ ನಿರ್ಣಯದಲ್ಲಿ ಮಂಜೂರಾಯಿತು? ಇಂಥ ಪ್ರಶ್ನೆ ಹಿಡಿದು ಹೊರಟವರು ಪಂಚಾಯಿತಿ, ನಾಡಕಚೇರಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್, ಸರ್ವೆ ಶಾಖೆ, ಸಬ್ ರಿಜಿಸ್ಟ್ರಾರ್ ಕಚೇರಿ ಎಲ್ಲವನ್ನೂ ಸುತ್ತಬೇಕು. ಪಹಣಿ ಮೊಬೈಲ್‌ನಲ್ಲೇ ಕಾಣುವ ಕಾಲದಲ್ಲೂ ಈ ಅಲೆದಾಟ ತಪ್ಪಿಲ್ಲ. ಏಕೆಂದರೆ ಪಹಣಿ ಹೇಳುವುದು ಜಮೀನು ಯಾರದು ಎಂಬುದನ್ನು. ಹೇಗೆ ಅವರದಾಯಿತು ಎಂಬುದು ಕಡತದಲ್ಲಿರುತ್ತದೆ.

ಹಿಂದೆ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯ ದಫ್ತರದಲ್ಲಿತ್ತು. ಮುಂಬೈ ಕರ್ನಾಟಕದಲ್ಲಿ ಕುಲಕರ್ಣಿಯವರ ಬಳಿ. ನಕಲು ಸಿಗುವುದು ಅವರ ಮರ್ಜಿಗೆ ಬಿಟ್ಟಿದ್ದು. 1956ರಲ್ಲಿ ರಾಜ್ಯ ಒಂದಾದಾಗ ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗಿನ ಬೇರೆ ಬೇರೆ ಕಂದಾಯ ಪದ್ಧತಿಗಳು ಒಂದೇ ಸೂರಿನಡಿ ಬಂದವು. ಬೆಳಗಾವಿ ಕಡೆ ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದ, ಕಲಬುರಗಿ ಕಡೆ ಉರ್ದು ಪಹಣಿ ಇಂದಿಗೂ ಓದುವವರನ್ನು ಹುಡುಕಿಸುತ್ತವೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯ ಶಾನುಭೋಗಿಕೆಯನ್ನು ಮುಗಿಸಿತು, ಮುಗಿಸಬೇಕಾದದ್ದೇ. ಆದರೆ ಅವರ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗರು ವರ್ಗಾವಣೆಯಾಗುವ ನೌಕರರು. ಯಾವ ಸರ್ವೆ ನಂಬರಿನ ಕಾಗದ ಯಾವ ಗಂಟಿನಲ್ಲಿದೆ ಎಂಬ ನೆನಪು ಒಬ್ಬ ಅಧಿಕಾರಿಯಿಂದ ಇನ್ನೊಬ್ಬರಿಗೆ ದಾಟಲೇ ಇಲ್ಲ.

1974ರ ಭೂಸುಧಾರಣೆಯಲ್ಲಿ 'ಉಳುವವನೇ ಹೊಲದೊಡೆಯ' ಎಂದು ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರ ರಾಶಿ ರಾಶಿ ನಮೂನೆ 7 ಅರ್ಜಿಗಳು ಬಂದವು. ಆಮೇಲೆ ಬಗರ್‌ಹುಕುಂ (ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿದ ಸಾಗುವಳಿಯ) ಸಕ್ರಮಕ್ಕೆ ನಮೂನೆ 50, 53, ಈಚೆಗೆ 57. ಈ ಕಡತಗಳು ಮಕ್ಕಳು, ಮೊಮ್ಮಕ್ಕಳಿಗೆ ಬೇಕಾಗುತ್ತವೆ ಎಂದು ಆಗ ಯಾರೂ ಯೋಚಿಸಿದಂತಿಲ್ಲ. ಜಮೀನು ಮಂಜೂರಾದದ್ದಕ್ಕೆ ಕೊಟ್ಟ ಸಾಗುವಳಿ ಚೀಟಿ ಕೈಯಲ್ಲಿರುತ್ತದೆ, ಕಚೇರಿಯ ಮಂಜೂರಾತಿ ವಹಿಯಲ್ಲಿ ಆ ಪುಟವೇ ಇರುವುದಿಲ್ಲ. ಪೋಡಿಗೆ (ಅಳತೆ ಮಾಡಿಸಿ ಜಮೀನಿನ ದಾಖಲೆ ಬೇರೆ ಮಾಡಿಸಲು) ಹೋದಾಗ ಸಿಕ್ಕಿಬೀಳುವುದು ಇಲ್ಲೇ.

ನಿಜವಾದ ತಿರುವು 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ಕಿಯೋಸ್ಕ್‌ನಲ್ಲಿ ಮುದ್ರಿತ ಪ್ರತಿ ಸಿಗುತ್ತಿತ್ತು. ಯಾರ ಕೈಕಾಲೂ ಹಿಡಿಯಬೇಕಿಲ್ಲ. ಇದರ ಉಪಕಾರ ಸಣ್ಣದಲ್ಲ. ಆದರೆ ಏರಿದ್ದು ಆ ಹೊತ್ತಿಗೆ ಕೈಬರಹದ ಪಹಣಿಯಲ್ಲಿ ಏನಿತ್ತೋ ಅದು. ತಪ್ಪಿದ್ದರೆ ತಪ್ಪೂ ಏರಿತು.

ಪಹಣಿ ಓದುವುದು ಗೊತ್ತಿದ್ದವರು ಮೊದಲು ನೋಡುವುದು 9 ಮತ್ತು 10ನೇ ಕಾಲಂ. 9ರಲ್ಲಿ ಖಾತೆದಾರರ ಹೆಸರು. 10ರಲ್ಲಿ ಆ ಹೆಸರು ಹೇಗೆ ಬಂತೆಂಬುದು: ಕ್ರಯ, ಪೌತಿ (ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದದ್ದು), ವಿಭಾಗ, ಜೊತೆಗೆ ಎಂ.ಆರ್. (ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ವಹಿ) ನಂಬರು ಮತ್ತು ವರ್ಷ. ಆ ನಂಬರಿದ್ದರೆ ಮ್ಯುಟೇಶನ್ ವಹಿಯ ನಕಲು ಕೇಳಬಹುದು. ಅದರಲ್ಲಿ ಆಧಾರ ಪತ್ರದ ವಿವರ ಇರುತ್ತದೆ. ಅಲ್ಲಿಂದ ನೋಂದಣಿ ಕಚೇರಿಗೋ ಹಳೇ ಕಡತಕ್ಕೋ ದಾರಿ. ಎಷ್ಟೋ ಪಹಣಿಗಳಲ್ಲಿ ಆ ಕಾಲಂನಲ್ಲಿ ಏನೂ ಇರುವುದಿಲ್ಲ. ಆಗ ಕೈಬರಹದ ಪಹಣಿಗಳನ್ನು ವರ್ಷವರ್ಷ ಹಿಂದಕ್ಕೆ ತೆಗೆಸುತ್ತಾ, ಹೆಸರು ಬದಲಾದ ವರ್ಷ ಯಾವುದೆಂದು ಪತ್ತೆ ಮಾಡಬೇಕು. ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವವರಿಗೆ ಇದೆಲ್ಲ ಕರತಲಾಮಲಕ. ಕೇಳಿ ಬರುವ ರೈತರಿಗೆ ಇದನ್ನು ತಿಳಿಸುವ ಒಂದು ಬೋರ್ಡನ್ನೂ ನಾನು ಯಾವ ಕಚೇರಿಯಲ್ಲೂ ನೋಡಿಲ್ಲ.

ಕೇಳುವ ಹಕ್ಕಿನ, ಅಂದರೆ ಮಾಹಿತಿ ಹಕ್ಕಿನ (ಆರ್‌ಟಿಐ), ಕತೆ ಬೇರೆ ದಾರಿಯಲ್ಲಿ ಬಂದದ್ದು. ರಾಜಸ್ಥಾನದ ಕೂಲಿಕಾರರು 1990ರ ದಶಕದಲ್ಲಿ ಹಾಜರಿ ಪಟ್ಟಿ ತೋರಿಸಿ ಎಂದು ಕೇಳಿದ್ದರಿಂದ ಹೊರಟ ಚಳವಳಿ ಅದು. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿತ್ತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಕಾಯ್ದೆ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದ ಗಡುವು. ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮಾಹಿತಿ ಅಧಿಕಾರಿ, ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮೇಲ್ಮನವಿ ಅಧಿಕಾರಿ, ಅದರ ಮೇಲೆ ಮಾಹಿತಿ ಆಯೋಗ. 2008ರಲ್ಲಿ ರಾಜ್ಯದ ನಿಯಮಕ್ಕೆ ತಿದ್ದುಪಡಿಯಾಗಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿ ಬಂತು. ಹೀಗಾಗಿ ಅರ್ಜಿ ಬರೆಯುವುದೂ ಒಂದು ಕಸುಬು. 'ನಮ್ಮ ಜಮೀನು ಅವರಿಗೆ ಏಕೆ ಮಾಡಿದಿರಿ' ಎಂದು ಬರೆದರೆ, ಇದು ಮಾಹಿತಿಯಲ್ಲ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ). 'ಇಂಥ ಸರ್ವೆ ನಂಬರಿನ, ಇಂಥ ಎಂ.ಆರ್.ನ ದೃಢೀಕೃತ ನಕಲು' ಎಂದು ಬರೆದರೆ ಕೊಡಲೇಬೇಕು. ಕಡತದ ನಂಬರು ಗೊತ್ತಿರುವವರಿಗೆ ಕಾಯ್ದೆ ಸಲೀಸು. ದಾಖಲೆಗಳ ಪಟ್ಟಿ, ಸೂಚಿ ಇಡಬೇಕೆಂದು ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಹಳ್ಳಿಗೆ ಬೇಕಾದ ಸೆಕ್ಷನ್ ಅದೊಂದೇ. ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದೂ ಅದೇ.

ಸಣ್ಣ ಊರಿನಲ್ಲಿ ಇನ್ನೊಂದು ತೊಡಕಿದೆ. ಬೆಳಿಗ್ಗೆ ಕೊಟ್ಟ ಅರ್ಜಿ ಸಂಜೆ ಹೊತ್ತಿಗೆ ಚಹಾ ಅಂಗಡಿಗೆ ಗೊತ್ತಿರುತ್ತದೆ. 'ಏನಣ್ಣಾ, ಪಂಚಾಯಿತಿ ಮೇಲೆ ಆರ್‌ಟಿಐ ಹಾಕಿದ್ದೀಯಂತೆ' ಎಂದು ಸದಸ್ಯರ ಸಂಬಂಧಿಕರೇ ವಿಚಾರಿಸುತ್ತಾರೆ. ಅರ್ಜಿ ಹಾಕುವುದನ್ನೇ ವಸೂಲಿಯ ದಂಧೆ ಮಾಡಿಕೊಂಡವರೂ ಇರುವುದರಿಂದ, ಸ್ವಂತ ಮನೆಯ ಕಾಗದ ಕೇಳುವವರ ಮೇಲೂ ಅದೇ ಗುಮಾನಿ.

ಪಂಚಾಯಿತಿಯ ಹಳೆಯ ವಹಿಗಳ ಪಾಡು ಇನ್ನೂ ಕಷ್ಟ. 1959ರ ಕಾಯ್ದೆಯ ಪಂಚಾಯಿತಿಗಳು 1987ರ ಚುನಾವಣೆಯೊಂದಿಗೆ ಮಂಡಲ ಪಂಚಾಯಿತಿಗಳಾದವು, 1993ರ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಗಳು. 2015ರ ಹೊತ್ತಿಗೆ ಮತ್ತೆ ಕೆಲವು ಒಡೆದವು. ಪ್ರತಿ ಸಲ ಬೀರು, ವಹಿ ಊರಿಂದೂರಿಗೆ ಸಾಗಿದವು. 'ಹಳೇ ನಡಾವಳಿ ಪುಸ್ತಕ (ಸಭೆಯ ನಿರ್ಣಯಗಳ ವಹಿ) ಮಂಡಲ ಕಚೇರಿಯಿಂದ ಬಂದಿಲ್ಲ' ಎಂಬ ಉತ್ತರ ಎಷ್ಟೋ ಸಲ ನಿಜವೇ. ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ವ್ಯವಸ್ಥೆ ಬಂದು ಮನೆ, ನಿವೇಶನದ ನಮೂನೆ 9, 11 ಆನ್‌ಲೈನ್ ಆದ ಮೇಲೆ, ಅವುಗಳ ಆಧಾರವಾದ ಮನೆ ಕಂದಾಯದ ಹಳೇ ರಿಜಿಸ್ಟರ್‌ಗಳಿಗೆ ಬೇಡಿಕೆ ಹೆಚ್ಚಿತು. ದಾಖಲೆ ಕಳೆದರೆ ಶಿಕ್ಷೆಯಿರುವ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಇದೆ. 'ಲಭ್ಯವಿಲ್ಲ' ಎಂಬ ಹಿಂಬರಹದ ಕೆಳಗೆ ಅದರ ಪ್ರಸ್ತಾಪ ಬರುವುದು ಅಪರೂಪ.

ಈಗ ಎರಡು ಬೆಳವಣಿಗೆ ಒಟ್ಟಿಗೇ ನಡೆದಿವೆ. 2024ರಿಂದ 'ಭೂ ಸುರಕ್ಷಾ' ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೇ ಕಡತಗಳ ಸ್ಕ್ಯಾನಿಂಗ್ ಸಾಗಿದೆ. ಇನ್ನೊಂದು ಕಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಇದ್ದ ವಿನಾಯಿತಿಯನ್ನು ಹಿಗ್ಗಿಸಿತು. ಹಳ್ಳಿಯ ಫಲಾನುಭವಿ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಬೇರೇನಿರುತ್ತದೆ? ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎಂಬ 8(2) ಹಾಗೇ ಉಳಿದಿದೆ. ಅದನ್ನು ಅರ್ಜಿಯಲ್ಲೇ ಬರೆದು ಕಾರಣ ಸಮೇತ ಕೇಳುವುದು ಇನ್ನು ಮುಂದೆ ಅರ್ಜಿದಾರರ ಕೆಲಸ. ಪಂಚಾಯಿತಿಯ ಬೀರುವಿನಲ್ಲಿರುವ ನಡಾವಳಿ ಪುಸ್ತಕಗಳು ಮಾತ್ರ ಕಂದಾಯ ಇಲಾಖೆಯ ಈ ಸ್ಕ್ಯಾನಿಂಗ್‌ನ ಹೊರಗಿವೆ.